ಕುಷ್ಠರೋಗಿ ಸೀಮೋನ

ಬೇಥಾನ್ಯದಲ್ಲಿ ಯೇಸು ಊಟಕ್ಕೆ ಕುಳಿತ ಮನೆಯ ಯಜಮಾನನನ್ನು ಮಾರ್ಕನು (14:3) ಕುಷ್ಠರೋಗಿ ಸೀಮೋನನೆಂದು ಕರೆಯುತ್ತಾನೆ. ರೋಗವಿದ್ದಾಗ ಊರಿನ ಹೊರಗಿರಬೇಕಾಗಿದ್ದವನ ಮನೆಯಲ್ಲಿ ಈಗ ಅತಿಥಿಗಳು ಊಟಕ್ಕೆ ಕುಳಿತಿದ್ದಾರೆಂದರೆ ಅವನು ಗುಣಹೊಂದಿದ್ದಿರಬೇಕು. ರೋಗ ಹೋಯಿತು, ಹೆಸರು ಹೋಗಲಿಲ್ಲ.

ಈ ಹೆಸರಿನ ಹಿಂದೆ ತ್ಸಾರಾಅತ್ ಎಂಬ ಇಬ್ರಿಯ ಪದವಿದೆ. ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳಲ್ಲಿ ಅದು ಮನುಷ್ಯರ ಚರ್ಮಕ್ಕೆ ಮಾತ್ರವಲ್ಲ, ಬಟ್ಟೆಗೂ ಮನೆಯ ಗೋಡೆಗೂ ತಗಲುತ್ತದೆ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಗುರುತಿಸಿದ ರೋಗಾಣುವಿನಿಂದ ಬರುವ ರೋಗವು ಗೋಡೆಗೆ ಹತ್ತುವಂಥದ್ದಲ್ಲ. ಸೆಪ್ಟುವಜಿಂಟ್ ಅನುವಾದವು ಅದನ್ನು ಲೆಪ್ರಾ ಎಂದಿತು, ನಾವು ಕುಷ್ಠ ಎಂದೆವು. ಹೀಗೆ ಯಾಜಕನು ವಿಧಿಸಿದ ಅಶುದ್ಧತೆಯೆಲ್ಲ, ಇಂದು ಔಷಧದಿಂದ ಗುಣವಾಗುವ ರೋಗವೊಂದರ ಮೇಲೆ ಬಂದು ಕುಳಿತಿತು. ರೋಗಿಗಳನ್ನು ಪ್ರತ್ಯೇಕಿಸುತ್ತಿದ್ದ 1898ರ ಕಾಯಿದೆಯನ್ನು ಭಾರತವು 2016ರಲ್ಲಿ ರದ್ದುಮಾಡಿತು. ನಮ್ಮ ಪ್ರಸಂಗಪೀಠಗಳಾದರೋ ಪಾಪಕ್ಕೆ ಹೋಲಿಕೆ ಬೇಕಾದಾಗ ಇನ್ನೂ ಕುಷ್ಠವನ್ನೇ ಹುಡುಕುತ್ತವೆ (ನಾವೂ ಹಾಗೆ ಬೋಧಿಸಿದವರೇ). ಚಿಕಿತ್ಸೆ ಮುಗಿಸಿ ಸಭೆಯಲ್ಲಿ ಕುಳಿತಿರುವ ಸಹೋದರಿಯ ಕಿವಿಗೆ ಅದು ಹೋಲಿಕೆಯಾಗಿ ಬೀಳುವುದಿಲ್ಲ.

ಲೂಕನು (17:12) ಗ್ರೀಕಿನಲ್ಲಿ ಹತ್ತು ಮಂದಿ ‘ಕುಷ್ಠವುಳ್ಳ ಪುರುಷರು’ ಎಂದು ಬರೆದಿದ್ದಾನೆ. ಅಲ್ಲಿ ಕುಷ್ಠವೆಂಬುದು ವಿಶೇಷಣ, ಪುರುಷರೆಂಬುದು ನಾಮಪದ. ವಾಡಿಕೆಯ ಮಾತಿನಲ್ಲಿ ನಾವು ‘ಹತ್ತು ಕುಷ್ಠರೋಗಿಗಳು’ ಎನ್ನುವಾಗ ಪುರುಷರು ಮಾಯವಾಗುತ್ತಾರೆ. ಮುಂದಿನ ಸಾರಿ ಆ ಭಾಗವನ್ನು ಕುರಿತು ಬೋಧಿಸುವಾಗ ಲೂಕನ ನಾಮಪದವನ್ನು ಅವನಿಟ್ಟ ಸ್ಥಾನದಲ್ಲಿಯೇ ಉಳಿಸೋಣ.