ಮನೆಯ ಹಳೆಯ ಜಾಹೀರಾತು ಹುಡುಕುವುದೆಲ್ಲಿ?

'ಮನೆ ಮಾರಾಟಕ್ಕಿದೆ. 30-40ರ ನಿವೇಶನ, ಪೂರ್ವದ ಬಾಗಿಲು, ಬಾವಿ ಇದೆ. ದಲ್ಲಾಳಿಗಳು ಬೇಕಾಗಿಲ್ಲ.' ಬೆಂಗಳೂರಿನ ಭಾನುವಾರದ ಪತ್ರಿಕೆಗಳಲ್ಲಿ ಇಂಥ ಸಾಲುಗಳು ಪುಟಗಟ್ಟಲೆ ಇರುತ್ತಿದ್ದವು. ಮನೆ ಮಾರಿಹೋಗುತ್ತಿತ್ತು, ಪತ್ರಿಕೆ ಬಜ್ಜಿ ಅಂಗಡಿ ಸೇರುತ್ತಿತ್ತು. ಅದೇ ಮನೆಯನ್ನು ಇಂದು ಸಾಲಸೋಲ ಮಾಡಿ ಕೊಳ್ಳಹೊರಟವರಿಗೆ ಅದು ಹಿಂದೆ ಎಷ್ಟು ಸಲ, ಯಾವ ಕಾರಣಕ್ಕೆ ಮಾರಾಟಕ್ಕೆ ಬಂದಿತ್ತು ಎಂಬುದು ಗೊತ್ತಾಗಬೇಕು. ತಿಳಿಯುವುದು ಹೇಗೆ?

ಜಾಹೀರಾತಿನ ಲೆಕ್ಕವನ್ನು ಸರ್ಕಾರ ಇಡುವುದಿಲ್ಲ. ಮಾರಾಟದ ಲೆಕ್ಕ ಇಡುತ್ತದೆ. ಹಾಗಾಗಿ ಮೊದಲ ಮೆಟ್ಟಿಲು ಉಪನೋಂದಣಾಧಿಕಾರಿ ಕಚೇರಿ. ಅಲ್ಲಿ ಸಿಗುವ ಋಣಭಾರ ಪ್ರಮಾಣಪತ್ರದಲ್ಲಿ (ಜನ ಅದನ್ನು 'ಇ.ಸಿ.' ಎನ್ನುತ್ತಾರೆ) ನೋಂದಣಿಯಾದ ಕ್ರಯ, ಅಡಮಾನ, ದಾನ, ವಿಭಾಗಗಳು ತಾರೀಖಿನ ಸಮೇತ ಇರುತ್ತವೆ. ನಮೂನೆ 15 ಕೈಗೆ ಬಂದರೆ ವ್ಯವಹಾರ ನಡೆದಿದೆ ಎಂದರ್ಥ. ನಮೂನೆ 16 ಆದರೆ ಆ ಅವಧಿಯಲ್ಲಿ ದಾಖಲೆಗೆ ಬಂದದ್ದು ಏನೂ ಇಲ್ಲ. 2004ರಿಂದ ಈಚಿನದು 'ಕಾವೇರಿ' ಜಾಲತಾಣದಲ್ಲಿ ಕುಳಿತಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಹಳೆಯ ಸೂಚಿಗಳೇ ಗತಿ. ಸ್ಥಿರಾಸ್ತಿ ಪತ್ರಗಳನ್ನು ನಕಲು ಮಾಡಿಡುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಲು 1908ರ ನೋಂದಣಿ ಕಾಯ್ದೆಯ 57ನೇ ಕಲಮು ಅವಕಾಶ ಕೊಟ್ಟಿದೆ. ಮಾಲೀಕರ ಅಪ್ಪಣೆ ಬೇಕಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಆದರೆ ಇ.ಸಿ. ಹೇಳುವುದು ನೋಂದಣಿಯಾದದ್ದನ್ನು ಮಾತ್ರ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತಂದ ಸಾಲ, ಪೆಟ್ಟಿಗೆಯ ತಳದಲ್ಲಿರುವ ಉಯಿಲು, ಅಣ್ಣತಮ್ಮಂದಿರ ಬಾಯಿಮಾತಿನ ಪಾಲು ಅದರಲ್ಲಿ ಕಾಣದೆ ಇರಬಹುದು. ಹಳೆಯ ಪತ್ರಿಕೆ ನೆರವಿಗೆ ಬರುವುದು ಇಲ್ಲಿಯೇ. 'ಸದರಿ ಸ್ವತ್ತನ್ನು ಯಾರೂ ಕೊಳ್ಳಕೂಡದು' ಎಂಬ ವಕೀಲರ ಪ್ರಕಟಣೆಯೊಂದು ಸಿಕ್ಕರೆ ಸಾಕು, ಮನೆಯ ಜಗಳವೆಲ್ಲ ಬಯಲಾಗುತ್ತದೆ. ಬಾಕಿ ಸಾಲಕ್ಕಾಗಿ ಬ್ಯಾಂಕು 2002ರ ಕಾಯ್ದೆಯಡಿ ಸ್ವತ್ತನ್ನು ವಶಪಡಿಸಿಕೊಂಡರೆ ಎರಡು ಪತ್ರಿಕೆಗಳಲ್ಲಿ, ಒಂದು ಸ್ಥಳೀಯ ಭಾಷೆಯದರಲ್ಲಿ, ಪ್ರಕಟಿಸಲೇಬೇಕು.

ಹುಡುಕುವುದಕ್ಕೂ ಒಂದು ಉಪಾಯವಿದೆ. ಇ.ಸಿ.ಯಲ್ಲಿರುವ ಕ್ರಯದ ತಾರೀಖು ಹಿಡಿದು, ಅಲ್ಲಿಂದ ಮೂರುನಾಲ್ಕು ತಿಂಗಳು ಹಿಂದಿನ ಭಾನುವಾರದ ಸಂಚಿಕೆಗಳನ್ನು ಗ್ರಂಥಾಲಯದ ಕಡತದಲ್ಲಿ ನೋಡುವುದು. ಪತ್ರಿಕೆಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕೆಂಬ ಕಾನೂನು 1956ರಿಂದ ಇದೆ. ಜಾಹೀರಾತಿನಲ್ಲಿ ಬಾಗಿಲು ನಂಬರು ಸಾಮಾನ್ಯವಾಗಿ ಇರುವುದಿಲ್ಲ. ಬಡಾವಣೆ, ಅಳತೆ, ದಿಕ್ಕು ಇವುಗಳಿಂದಲೇ ಗುರುತು ಹಿಡಿಯಬೇಕು. ಬೆಲೆ ಹಾಕಿದ್ದರಂತೂ ಅದೃಷ್ಟ. ಕ್ರಯಪತ್ರದ ಬೆಲೆಗೂ ಅದಕ್ಕೂ ಎಷ್ಟೋ ಸಲ ಅಜಗಜಾಂತರ.

ಎಡವುವುದು ಹೆಚ್ಚಾಗಿ ನಂಬರಿನಲ್ಲಿ. 2007ರಲ್ಲಿ 110 ಹಳ್ಳಿಗಳು ಬೆಂಗಳೂರಿನ ಪಾಲಿಕೆಗೆ ಸೇರಿದವು. ಅಲ್ಲಿನ ಮೂಲಪತ್ರಗಳಲ್ಲಿ ಇರುವುದು ಹಳ್ಳಿಯ ಹೆಸರು, ಸರ್ವೆ ನಂಬರು. ಅದನ್ನು ಬಿಟ್ಟು ಇಂದಿನ ಬಾಗಿಲು ನಂಬರು ಬರೆದುಕೊಟ್ಟರೆ ಇ.ಸಿ. ಖಾಲಿ ಬಂದೀತು. ಕೊಳ್ಳುವವರು ಋಣವೇ ಇಲ್ಲವೆಂದು ನಂಬಿ ಮುಂಗಡ ಎಣಿಸಿಕೊಟ್ಟುಬಿಡುತ್ತಾರೆ.