ವಿಷ್ಣುಕ್ರಾಂತಿ ಯಾವುದು, ಶಂಖಪುಷ್ಪಿ ಯಾವುದು

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಸೀಮೆಗೆ ಸೇರಿದವು. ಆಂಧ್ರದ ಗಡಿಗೆ ಹೊಂದಿಕೊಂಡ ಈ ಊರುಗಳಲ್ಲಿ ಕನ್ನಡದ ಜೊತೆಗೆ ತೆಲುಗೂ ಮನೆಮಾತಾದ್ದರಿಂದ, ಅಮೃತ್ ಮಹಲ್ ಕಾವಲಿನಲ್ಲೋ ಕಲ್ಲುಗುಡ್ಡದ ಬುಡದಲ್ಲೋ ಬೆಳೆಯುವ ಒಂದೇ ಮದ್ದಿನ ಗಿಡಕ್ಕೆ ಎರಡು ಹೆಸರುಗಳಿರುವುದು ಸಾಮಾನ್ಯ. ಅಮೃತಬಳ್ಳಿ ತೆಲುಗಿನಲ್ಲಿ ತಿಪ್ಪತೀಗ, ಲಕ್ಕಿ ಗಿಡ ವಾವಿಲಿ, ಮಂಗರವಳ್ಳಿ ನಲ್ಲೇರು. ಉತ್ತರಾಣಿ ಮಾತ್ರ ಉತ್ತರೇಣಿಯಾಗಿ, ಹೆಚ್ಚು ಬದಲಾಗದೆ ಉಳಿದಿದೆ. ನಾಟಿ ವೈದ್ಯರ ತಿಳಿವಳಿಕೆಯನ್ನು ದಾಖಲಿಸುವವರು ಇವೆರಡರ ಪಕ್ಕದಲ್ಲಿ ವೈಜ್ಞಾನಿಕ ಹೆಸರನ್ನೂ ಬರೆಯುತ್ತಾರೆ. 

ಆ ಮೂರನೆಯ ಹೆಸರನ್ನು ಸರಿಯಾಗಿ ಬರೆಯುವುದು ಎಷ್ಟು ಸೂಕ್ಷ್ಮ ಎಂಬುದಕ್ಕೆ ವಿಷ್ಣುಕ್ರಾಂತಿಯೇ ಸಾಕ್ಷಿ. ಮಳೆ ಬಿದ್ದ ಮೇಲೆ ಗರಸು ನೆಲದಲ್ಲಿ ಹರಡಿಕೊಳ್ಳುವ ಈ ಪುಟ್ಟ ಗಿಡದ ಎಲೆಗಳ ಮೇಲೆ ನವಿರಾದ ರೋಮ, ಎಳೆಯಂಥ ತೊಟ್ಟಿನ ತುದಿಯಲ್ಲಿ ಒಂದು ಸೆಂಟಿಮೀಟರ್ ಕೂಡ ಅಗಲವಿಲ್ಲದ ನೀಲಿ ಹೂವು. ವೈಜ್ಞಾನಿಕ ಹೆಸರು ಇವಾಲ್ವ್ಯುಲಸ್ ಆಲ್ಸಿನಾಯ್ಡಿಸ್. ಕನ್ನಡ, ತೆಲುಗುಗಳಿಗೆ ಈ ಗಿಡದ ಬಗ್ಗೆ ಜಗಳವಿಲ್ಲ. ತೊಡಕು ಹುಟ್ಟುವುದು ಆಯುರ್ವೇದ ಗ್ರಂಥಗಳ ಶಂಖಪುಷ್ಪಿಯ ಪ್ರಶ್ನೆ ಬಂದಾಗ. ಕೆಲವರು ಇದನ್ನೇ ಶಂಖಪುಷ್ಪಿಯೆಂದು ಬಳಸುತ್ತಾರೆ. ಭಾರತದ ಆಯುರ್ವೇದ ಔಷಧಕೋಶ ಒಪ್ಪಿರುವುದು ಇದರ ಬಂಧುವಾದ ಕನ್ವಾಲ್ವ್ಯುಲಸ್ ಪ್ಲೂರಿಕಾಲಿಸ್ ಅನ್ನು. ಕೇರಳದಲ್ಲಿ ಆ ಹೆಸರು ಬೇಲಿಗೆ ಹಬ್ಬುವ, ಅವರೆಯ ಕುಟುಂಬದ ಬಳ್ಳಿಯೊಂದಕ್ಕೆ ಸಲ್ಲುತ್ತದೆ. ಬಳ್ಳಿಯನ್ನು ದೂರದಿಂದಲೇ ಗುರುತಿಸಬಹುದು. ಉಳಿದೆರಡನ್ನು ಖಚಿತವಾಗಿ ಬೇರ್ಪಡಿಸಲು ಹೂವನ್ನು ಬಿಡಿಸಿ ಮಸೂರದಡಿ ನೋಡಬೇಕು. ವಿಷ್ಣುಕ್ರಾಂತಿಯ ಅಂಡಾಶಯದ ಮೇಲೆ ಎರಡು ಶಲಾಕೆಗಳಿದ್ದು, ಪ್ರತಿಯೊಂದೂ ಮತ್ತೆ ಕವಲೊಡೆದು ನಾಲ್ಕು ತುದಿಗಳಾಗುತ್ತವೆ. ಕನ್ವಾಲ್ವ್ಯುಲಸ್‌ನಲ್ಲಿ ಶಲಾಕೆ ಒಂದೇ, ತುದಿ ಎರಡು. ಕಣ್ಣಿಗೆ ಕಂಡೂ ಕಾಣದ ಈ ಎಳೆಗಳಲ್ಲಿ ಎರಡು ಕುಲಗಳ ವ್ಯತ್ಯಾಸ ಅಡಗಿದೆ.

ಆದ್ದರಿಂದ ಪಟ್ಟಿಯ ಪ್ರತಿ ಹೆಸರಿನ ಹಿಂದೆಯೂ ಗಿಡವೇ ಇರಬೇಕಾಗುತ್ತದೆ. ಹೂವು, ಕಾಯಿಗಳಿರುವ ರೆಂಬೆಯನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಸಿಕ್ಕ ಜಾಗ, ದಿನಾಂಕ, ಸ್ಥಳೀಯರು ಹೇಳಿದ ಹೆಸರು, ಬಳಕೆ ಇವನ್ನೆಲ್ಲ ಚೀಟಿಯಲ್ಲಿ ಬರೆದು ಸಸ್ಯಾಗಾರದಲ್ಲಿ ಇಡುತ್ತಾರೆ. ಇದು ಪ್ರಮಾಣ ಮಾದರಿ, ಅಂದರೆ ವೋಚರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಾಗಾರದಲ್ಲಿ ಇಂಥ ಸಾವಿರಾರು ಹಾಳೆಗಳಿವೆ. ವೈಜ್ಞಾನಿಕ ಹೆಸರೂ ಬದಲಾಗುತ್ತದೆ: 1753ರಲ್ಲಿ ಲಿನೇಯಸ್ ತಂಗಡಿಗೆ ಇಟ್ಟ ಹೆಸರು ಕ್ಯಾಸಿಯ ಆರಿಕ್ಯುಲೇಟ, ಇಂದು ಅದು ಸೆನ್ನ ಆರಿಕ್ಯುಲೇಟ. ಹಾಳೆ ಉಳಿದಿದ್ದರೆ ಎಷ್ಟು ವರ್ಷಗಳ ನಂತರವೂ ಚೀಟಿಯನ್ನು ತಿದ್ದಬಹುದು.

ಹೆಸರು ತಪ್ಪಿದರೆ ಜೀವಕ್ಕೇ ಸಂಚಕಾರ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಚೀನೀ ಮೂಲಿಕೆಯ ಗುಳಿಗೆ ಸೇವಿಸಿದ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಹಾಳಾದವು. ಸ್ಟೆಫಾನಿಯ ಎಂಬ ಮೂಲಿಕೆಯ ಬದಲಿಗೆ, ಚೀನೀ ಹೆಸರಿನಲ್ಲಿ ಅದನ್ನೇ ಹೋಲುವ ಅರಿಸ್ಟೊಲೋಕಿಯ ಬೆರೆತಿತ್ತು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕ್ಯಾನ್ಸರ್‌ಕಾರಕವೂ ಹೌದು. ಹಾವಿನ ಕಡಿತಕ್ಕೆ ನಾಟಿ ಮದ್ದಾಗಿ ಬಳಸುತ್ತ ಬಂದಿರುವ ನಮ್ಮ ಈಶ್ವರಿ ಬಳ್ಳಿ ಇದೇ ಕುಲದ್ದು. ಅದರಲ್ಲೂ ಈ ಆಮ್ಲವಿದೆ. ಸ್ಥಳೀಯ ಹೆಸರಿನಿಂದಷ್ಟೇ ಈ ಅಪಾಯ ತಿಳಿಯುವುದಿಲ್ಲ. ಲ್ಯಾಟಿನ್ ಹೆಸರು ಗೊತ್ತಾದ ಕೂಡಲೇ ಜಗತ್ತಿನ ಸಂಶೋಧನೆಯೆಲ್ಲ ಈ ಬಳ್ಳಿಯ ಸಾಲಿಗೆ ಬಂದು ಸೇರುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಮೂಲಕ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಗಡಿ ತಾಲ್ಲೂಕುಗಳ ದಾಖಲಾತಿಯಲ್ಲಿ ತೆಲುಗು ಹೆಸರನ್ನು ಕನ್ನಡದ ಕಲಮಿನಲ್ಲೇ ತುರುಕದೆ, ಅದಕ್ಕೆ ಬೇರೆಯದೇ ಕಲಂ ಕೊಡುವುದು ಸರಿ. ಅದರ ಪಕ್ಕದಲ್ಲೇ ಪ್ರಮಾಣ ಮಾದರಿಯ ಸಂಖ್ಯೆಗೂ ಒಂದು ಕಲಂ ಬೇಕು.