ಏರಿನಲ್ಲಿ ನಿಲ್ಲುವ ಗಾಡಿ: ತಪ್ಪು ಹುಡುಕುವುದು ಹೇಗೆ?

ನಮ್ಮ ಮನೆಯಲ್ಲಿ 1999ರ ಒಂದು ಮಾರುತಿ ಓಮ್ನಿ ಇದೆ. ಅಬ್ಬಾ ಅದರಲ್ಲಿ ರಸ್ಕ್, ಖಾರಿ, ಬನ್ನು ತುಂಬಿಸಿಕೊಂಡು ಅಂಗಡಿಗಳಿಗೆ ಹಾಕುತ್ತಾರೆ. ನಮ್ಮ ಮನೆಯ ಅಕ್ಕಿ, ನನ್ನ ಕಾಲೇಜಿನ ಫೀಸು ಎಲ್ಲವೂ ಆ ವ್ಯಾನಿನಿಂದಲೇ ಬರುವುದು. ಕಳೆದ ಮಳೆಗಾಲದ ನಂತರ ಅದು ಒಂದು ಕೆಟ್ಟ ಅಭ್ಯಾಸ ಕಲಿಯಿತು. ಕೊಟ್ಟಾರ ಚೌಕಿಯಿಂದ ಕುಂಟಿಕಾನದ ಕಡೆಗೆ ಏರುವಾಗ ರೇಸ್ ಕೊಟ್ಟರೂ ಎಳೆಯುವುದಿಲ್ಲ, ಎರಡು ಮೂರು ಜರ್ಕ್ ಕೊಟ್ಟು ಆಫ್ ಆಗುತ್ತದೆ. ಐದು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ!

ಒಂದು ಗ್ಯಾರೇಜಿನಲ್ಲಿ ಪ್ಲಗ್ ಮತ್ತು ಕಾಯಿಲ್ ಬದಲಿಸಿದರು. 2,800 ರೂಪಾಯಿ ಹೋಯಿತು, ತೊಂದರೆ ಹೋಗಲಿಲ್ಲ. ಕಾರ್ಬ್ಯುರೇಟರ್ ಪೂರ್ತಿ ಬದಲಿಸಬೇಕು ಎಂದರು. ಅದೇ ವಾರ ಅಮ್ಮಿ ಜೊತೆಯಲ್ಲಿದ್ದಾಗ ಹೆದ್ದಾರಿಯ ಮಧ್ಯದಲ್ಲೇ ವ್ಯಾನ್ ನಿಂತಿತು. ಹಿಂದಿನಿಂದ ಗ್ಯಾಸ್ ಟ್ಯಾಂಕರ್ ಹಾರ್ನ್ ಹೊಡೆಯುತ್ತಾ ಬಂತು. ಮನೆಗೆ ಬಂದ ಮೇಲೆ ಅಮ್ಮಿ, "ಇದನ್ನು ಮಾರಿಬಿಡಿ" ಎಂದರು. ಅಬ್ಬಾ ಏನೂ ಹೇಳಲಿಲ್ಲ.

ಆಗ ನಾವು ಇನ್ನೊಬ್ಬ ಹಳೆಯ ಮೆಕ್ಯಾನಿಕ್ ಕಾಕನ ಬಳಿ ಹೋದೆವು. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ನನ್ನನ್ನು ನೋಡಿ, "ನೀನು ಲೆಕ್ಕ ಕಲಿಯುವವನಲ್ವಾ ಮಾರಾಯ? ಯಾವಾಗ ಆಫ್ ಆಗ್ತದೆ, ಹೇಗೆ ಆಫ್ ಆಗ್ತದೆ, ನಾಲ್ಕು ದಿನ ಬರ್ಕೊಂಡು ಬಾ" ಎಂದರು.

ಪೆಟ್ರೋಲ್ ಎಂಜಿನ್ ಓಡಲು ಮೂರು ಬೇಕು: ಸರಿಯಾದ ಪ್ರಮಾಣದ ಪೆಟ್ರೋಲ್ ಮತ್ತು ಗಾಳಿ, ಸರಿಯಾದ ಸಮಯಕ್ಕೆ ಕಿಡಿ, ಸಿಲಿಂಡರಿನಲ್ಲಿ ಒತ್ತಡ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಕಡಿಮೆಯಾದರೂ, ಎಲ್ಲಿಂದಲೋ ಹೆಚ್ಚು ಗಾಳಿ ಸೇರಿದರೂ ಎಂಜಿನ್ ಮಿಸ್ ಹೊಡೆಯುತ್ತದೆ. ಹಳೆಯ ಗಾಡಿಗಳಲ್ಲಿ ಈ ಮಿಶ್ರಣ ಮಾಡುವುದು ಕಾರ್ಬ್ಯುರೇಟರ್. ಅದರ ಬಟ್ಟಲಿನಲ್ಲಿ ಸ್ವಲ್ಪ ಪೆಟ್ರೋಲ್ ಸದಾ ಇರುತ್ತದೆ. ಪಂಪ್ ಅದನ್ನು ತುಂಬಿಸುತ್ತಿರುತ್ತದೆ, ಎಂಜಿನ್ ಖಾಲಿ ಮಾಡುತ್ತಿರುತ್ತದೆ.

ನನಗೆ ಲೈಸೆನ್ಸಿನ ವಯಸ್ಸಾಗಿಲ್ಲ. ಹಾಗಾಗಿ ನಾಲ್ಕು ದಿನ ಪಕ್ಕದ ಸೀಟಿನಲ್ಲಿ ಕುಳಿತು ಪುಸ್ತಕದಲ್ಲಿ ಬರೆದೆ. ಸಮಯ, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ರಸ್ತೆ ಸಮವೋ ಏರೋ, ನಿಂತದ್ದು ಹೇಗೆ. ಪುಟ ತುಂಬಿದಾಗ ಉತ್ತರ ಅರ್ಧ ಕಾಣಿಸಿತು. ಮಧ್ಯಾಹ್ನದ ಬಿಸಿಲಿನಲ್ಲಿ ಸಮ ರಸ್ತೆಯಲ್ಲಿ ಒಂದು ಗಂಟೆ ಓಡಿದರೂ ವ್ಯಾನ್ ನಿಂತಿರಲಿಲ್ಲ. ಆದರೆ ಬೆಳಿಗ್ಗೆ ಏಳಕ್ಕೆ, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ, ಸರಕು ತುಂಬಿ ಏರು ಹತ್ತುವಾಗ ನಿಂತಿತ್ತು. ಅಂದರೆ ಕಾರಣ ಬಿಸಿಯಲ್ಲ, ಭಾರ.

ಕಾಯಿಲ್ ಕೆಟ್ಟಿದ್ದರೆ ಸಾಮಾನ್ಯವಾಗಿ ಬಿಸಿಯಾದಾಗ ಸ್ವಿಚ್ ಆಫ್ ಮಾಡಿದಂತೆ ಒಮ್ಮೆಲೇ ನಿಲ್ಲುತ್ತದೆ, ತಣ್ಣಗಾದ ಮೇಲೆ ಪುನಃ ಸ್ಟಾರ್ಟ್ ಆಗುತ್ತದೆ. ಮೊದಲ ಗ್ಯಾರೇಜಿನವರು ಹಾಗೆ ಯೋಚಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಜರ್ಕ್ ಕೊಡುತ್ತಾ, ಸೊರಗಿ ನಿಲ್ಲುತ್ತದೆ. ಏರಿನಲ್ಲಿ ಬಟ್ಟಲು ಖಾಲಿಯಾಗುವ ವೇಗಕ್ಕೆ ತುಂಬುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಪುನಃ ಸ್ಟಾರ್ಟ್ ಮಾಡಲು ಹೋದಾಗ ಪಂಪ್ ನಿಧಾನವಾಗಿ ಅದನ್ನು ತುಂಬಿಸುತ್ತದೆ. ನಮ್ಮದು ಇದೇ.

ಕಾಕ ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿದರು. ವ್ಯಾನ್ ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದರು. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದ್ದರೆ 'ಸುಂಯ್' ಎಂದು ಗಾಳಿ ಒಳಗೆ ಎಳೆಯುತ್ತದೆ. ಸದ್ದು ಬರಲಿಲ್ಲ. ನಂತರ ಸೀಟು ಎತ್ತಿದರು, ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದು. ಕಾರ್ಬ್ಯುರೇಟರಿನ ಸಣ್ಣ ಗಾಜಿನಲ್ಲಿ ನೋಡಿದರೆ ಪೆಟ್ರೋಲ್ ಮಟ್ಟ ಕೆಳಗಿತ್ತು. ಕಿಡಿ ಸರಿಯಾಗಿತ್ತು. ಕೊನೆಗೆ ಪೆಟ್ರೋಲ್ ಫಿಲ್ಟರ್ ಬಿಚ್ಚಿದರು. ಅದರಿಂದ ಚಹಾದ ಬಣ್ಣದ ಪೆಟ್ರೋಲ್, ತುಕ್ಕಿನ ಪುಡಿ ಬಂತು.

ಫಿಲ್ಟರ್ ಬದಲಿಸಿದ ಮೇಲೆ ಏರಿನಲ್ಲಿ ನಿಲ್ಲುವುದು ತಪ್ಪಿತು. ಆದರೆ ಸಿಗ್ನಲಿನಲ್ಲಿ ನಿಂತು ರೇಸ್ ಕೊಡುವಾಗ ಒಂದು ಕ್ಷಣ ತಡವರಿಸುವುದು ಹೋಗಲಿಲ್ಲ. ತಪ್ಪುಗಳು ಎರಡಿದ್ದವು! ಕಾಕ ಗಾಳಿಯ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದಾಗ ಒಂದರಲ್ಲಿ ಬಿರುಕು ಸಿಕ್ಕಿತು. ಅಲ್ಲಿಂದ ಹೆಚ್ಚು ಗಾಳಿ ಒಳಗೆ ಹೋಗುತ್ತಿತ್ತು. ಫಿಲ್ಟರ್, ಒಂದು ತುಂಡು ಪೈಪ್, ಕೂಲಿ ಸೇರಿ 450 ರೂಪಾಯಿ.

ಹಳೆಯ ಗಾಡಿಯವರು ಇನ್ನೊಂದು ವಿಷಯ ತಿಳಿದಿರಬೇಕು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಸೇರಿಸಿದ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿತು. ಎಥನಾಲ್ ನೀರನ್ನು ಹೀರುತ್ತದೆ, ಟ್ಯಾಂಕಿನ ಹಳೆಯ ಕೊಳೆಯನ್ನು ಸಡಿಲಿಸುತ್ತದೆ, ಅದಕ್ಕೆಂದು ಮಾಡದ ಹಳೆಯ ರಬ್ಬರನ್ನು ಹಾಳು ಮಾಡಬಹುದು. ಅದು ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಆದ್ದರಿಂದ ಬರೀ ಪೆಟ್ರೋಲಿಗೆ ಟ್ಯೂನ್ ಮಾಡಿದ ಕಾರ್ಬ್ಯುರೇಟರಿನಲ್ಲಿ ಗಾಳಿ ಹೆಚ್ಚಾದಂತೆ ಆಗುತ್ತದೆ. ನಮ್ಮ ಕರಾವಳಿಯ ತೇವದ ಗಾಳಿ ಬೇರೆ. ಹಾಗಾಗಿ ಹಳೆಯ ಗಾಡಿಯ ಫಿಲ್ಟರ್ ಮತ್ತು ಪೈಪುಗಳನ್ನು ಆಗಾಗ ನೋಡಿಸಿ. ಗಾಡಿ ಓಡಿಸದೆ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ಇಡಬೇಡಿ.

ಉಪನ್ಯಾಸಕರ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಇಂಜೆಕ್ಟರ್ ಇದೆ. ಅಲ್ಲಿ ಪೆಟ್ರೋಲ್ ಪಂಪ್, ಥ್ರಾಟಲ್ ಬಾಡಿಯ ಕೊಳೆ, ಸೆನ್ಸರುಗಳನ್ನು ನೋಡಬೇಕು. ಎಂಜಿನ್ ದೀಪ ಉರಿದರೆ ಸ್ಕ್ಯಾನರ್ ಹಾಕಿಸಿ. ಆದರೆ ಮೊದಲು ಬರೆದಿಡುವ ಕೆಲಸ ಅಲ್ಲಿಯೂ ಒಂದೇ.

ಎಚ್ಚರಿಕೆ: ಗಾಡಿ ರಸ್ತೆಯಲ್ಲಿ ನಿಂತರೆ ನಾಲ್ಕೂ ಇಂಡಿಕೇಟರ್ ಹಾಕಿ, ಎಡಕ್ಕೆ ತಂದು ನಿಲ್ಲಿಸಿ. ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ನಿಂತರೆ ಪೆಡಲ್ ಗಟ್ಟಿಯಾಗುತ್ತದೆ, ಜೋರಾಗಿ ತುಳಿಯಬೇಕು. ಪೆಟ್ರೋಲ್ ಪೈಪ್ ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಪೆಟ್ರೋಲ್ ವಾಸನೆ ಇರುವಲ್ಲಿ ಕಿಡಿ ಪರೀಕ್ಷೆ ಬೇಡವೇ ಬೇಡ.

ನಮ್ಮ ಲೆಕ್ಕಶಾಸ್ತ್ರದಲ್ಲಿ ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸವನ್ನು ಅಮಾನತು ಖಾತೆಗೆ ಹಾಕುತ್ತೇವೆ. ಆದರೆ ಅದರಿಂದ ತಪ್ಪು ಸರಿಯಾಗುವುದಿಲ್ಲ, ಅದನ್ನು ಹುಡುಕಲೇಬೇಕು. ನಮ್ಮ 2,800 ರೂಪಾಯಿ ಅಮಾನತು ಖಾತೆಗೆ ಹೋಯಿತು ಎಂದುಕೊಂಡಿದ್ದೇನೆ. ವ್ಯಾನ್ ಈಗಲೂ ಬೆಳಿಗ್ಗೆ ಏಳಕ್ಕೆ ಹೊರಡುತ್ತದೆ. ಅಮ್ಮಿ ಮಾತ್ರ ಏರು ಮುಗಿಯುವವರೆಗೆ ಬಾಗಿಲಿನ ಹಿಡಿ ಬಿಡುವುದಿಲ್ಲ.